ಏರ್ ರೈಫಲ್, ಏರ್ ಪಿಸ್ತೂಲ್, .22: ಗುರಿ ಆಟಕ್ಕೆ ನಿಮಗೆ ಯಾವುದು ಸರಿ?

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಶೂಟರ್‌ಗಳು ಮೂರು ಕಂಚು ತಂದರು. ಎರಡು ಬಂದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ: ಒಂದು ಮನು ಭಾಕರ್ ಅವರದ್ದು, ಇನ್ನೊಂದು ಮನು ಮತ್ತು ಸರಬ್ಜೋತ್ ಸಿಂಗ್ ಜೋಡಿಯದ್ದು. ಮೂರನೆಯದು 50 ಮೀಟರ್ .22 ರೈಫಲಿನಲ್ಲಿ (0.22 ಇಂಚು ನಳಿಗೆಯ, ಮದ್ದಿನ ಗುಂಡು ಹಾರಿಸುವ ರೈಫಲ್), ಸ್ವಪ್ನಿಲ್ ಕುಸಾಳೆ ಅವರಿಂದ. ಅಲ್ಲಿಂದೀಚೆಗೆ ಓದುಗರ ಪ್ರಶ್ನೆಗಳು ಹೆಚ್ಚಾಗಿವೆ. ಮಗಳಿಗೆ ರೈಫಲ್ ಕೊಡಿಸಲಾ, ಪಿಸ್ತೂಲಾ? ಹದಿನೈದು ಸಾವಿರದ ದೇಸಿ ಏರ್‌ಗನ್ ಸಾಕಾ, ಎರಡು ಲಕ್ಷದ್ದೇ ಬೇಕಾ? ಎನ್‌ಸಿಸಿಯಲ್ಲಿ ಮಲಗಿ .22 ಹೊಡೆದಿದ್ದೆ, ಐವತ್ತರ ಹತ್ತಿರ ಮತ್ತೆ ಶುರು ಮಾಡಬಹುದಾ?

ಎಲ್ಲರಿಗೂ ಒಂದೇ ಉತ್ತರ ಇಲ್ಲ. ಆದರೆ ಯಾವುದನ್ನು ನೋಡಿ ಆರಿಸಬೇಕು ಅನ್ನುವುದು ಮಾತ್ರ ಎಲ್ಲರಿಗೂ ಒಂದೇ. ಅದನ್ನು ಮೊದಲು ಹೇಳಿ, ಆಮೇಲೆ ಒಂದೊಂದೇ ಆಯ್ಕೆಗೆ ಬರುತ್ತೇನೆ.

ಯಾವುದನ್ನು ನೋಡಬೇಕು

ಅಂಗಡಿಯಲ್ಲಿ ಮೊದಲು ಕೇಳಿಬರುವ ಮಾತು ವೇಗ. "ಸರ್, ಇದು ಸಾವಿರ ಅಡಿ ಹೋಗುತ್ತೆ, ಅದು ಏಳುನೂರು ಅಷ್ಟೇ" ಅಂತಾರೆ. ಗುರಿ ಆಟಕ್ಕೆ ಇದು ಕಟ್ಟಕಡೆಯಲ್ಲಿ ಕೇಳಬೇಕಾದ ವಿಷಯ. ಒಲಿಂಪಿಕ್ಸ್‌ನಲ್ಲಿ ಹೊಡೆಯುವ ಏರ್ ರೈಫಲ್‌ನಿಂದ ಪೆಲೆಟ್ (ಸೀಸದ ಸಣ್ಣ ಗುಂಡು) ಹೊರಡುವುದು ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ. ಅಂದರೆ 560 ಅಡಿಯ ಆಸುಪಾಸು. ಹತ್ತು ಮೀಟರ್ ದೂರದ ಕಾಗದಕ್ಕೆ ತೂತು ಮಾಡಲು ಅದಕ್ಕಿಂತ ಜೋರು ಬೇಡವೇ ಬೇಡ. ಬೇಕಾಗಿರುವುದು ಪ್ರತಿ ಪೆಲೆಟ್ಟೂ ಹಿಂದಿನದರ ಹಾಗೆಯೇ ಹೋಗುವುದು. ಜೋರು ಜಾಸ್ತಿಯಾದಷ್ಟೂ ಗನ್ ಕೈಯಲ್ಲಿ ಹೆಚ್ಚು ಕುಲುಕುತ್ತದೆ, ಸದ್ದು ಜಾಸ್ತಿ, ತಪ್ಪಿದರೆ ಅಪಾಯವೂ ಜಾಸ್ತಿ.

ನಾನು ಮೊದಲಿಗೆ ಇಡುವ ಪ್ರಶ್ನೆ: ಎಲ್ಲಿ ಹೊಡೆಯುತ್ತೀರಿ? ಹತ್ತಿರದಲ್ಲಿ ರೇಂಜ್ (ಗುರಿ ಅಭ್ಯಾಸಕ್ಕೆಂದೇ ಇರುವ ಜಾಗ) ಇದೆಯಾ, ವಾರಕ್ಕೆ ಎರಡು ದಿನವಾದರೂ ಹೋಗಲು ಆಗುತ್ತದಾ? ಇಲ್ಲ ಅಂದರೆ ಮನೆಯಲ್ಲಿ ಹತ್ತು ಮೀಟರ್ ಉದ್ದದ, ಯಾರೂ ನಡುವೆ ಓಡಾಡದ ಜಾಗ ಇದೆಯಾ? ಟೆರೇಸ್ ಅಂದ ತಕ್ಷಣ ಒಪ್ಪಬೇಡಿ. ಗುರಿಯ ಹಿಂದೆ ಗೋಡೆ ಇರಬೇಕು, ಬರೀ ಆಕಾಶ ಇರಬಾರದು. ಪಕ್ಕದ ಮನೆಯ ಕಿಟಕಿ, ಬಟ್ಟೆ ಒಣಹಾಕಲು ಬರುವವರು, ಇವೆಲ್ಲ ಲೆಕ್ಕಕ್ಕೆ ಬರಬೇಕು. ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಆಯ್ಕೆ ತಾನೇ ಮುಗಿಯುತ್ತದೆ.

ಎರಡನೆಯದು ಕಾನೂನು. 2016ರ ಆಯುಧ ನಿಯಮಗಳ ಪ್ರಕಾರ ನಳಿಗೆ 4.5 ಮಿ.ಮೀ. ಮೀರದ, ಶಕ್ತಿ 20 ಜೌಲ್ ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಎರಡೂ ಷರತ್ತು ಒಟ್ಟಿಗೆ ಹೊಂದಬೇಕು. 5.5 ಮಿ.ಮೀ. ನಳಿಗೆಯ ಏರ್‌ಗನ್ ಎಷ್ಟೇ ಮೆತ್ತಗಿದ್ದರೂ ಲೈಸೆನ್ಸ್ ಬೇಕು. ಹಳೆಯ ಗನ್ ಕೊಳ್ಳುವಾಗ ಇದನ್ನು ನೋಡದೆ ತೊಂದರೆಗೆ ಸಿಕ್ಕಿಕೊಳ್ಳುವವರಿದ್ದಾರೆ. .22 ಗುಂಡು ಹಾರಿಸುವ ರೈಫಲ್ ಪೂರ್ತಿ ಬೇರೆ ವರ್ಗ. ಅದು 1959ರ ಆಯುಧ ಕಾಯ್ದೆಯ ಕೆಳಗೆ ಬರುವ ಬಂದೂಕು. ಲೈಸೆನ್ಸ್ ಬೇಕು, ಅದಕ್ಕೆ 21 ವರ್ಷ ಆಗಿರಬೇಕು. ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿ ಕಚೇರಿಗೆ, ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರ್ ಕಚೇರಿಗೆ ಅರ್ಜಿ ಹಾಕಬೇಕು.

ಲೈಸೆನ್ಸ್ ಬೇಡ ಅಂದರೆ ಎಲ್ಲಿ ಬೇಕಾದರೂ, ಯಾವುದಕ್ಕೆ ಬೇಕಾದರೂ ಹೊಡೆಯಬಹುದು ಅಂತಲ್ಲ. ಪಾರಿವಾಳ, ಗಿಳಿ, ಅಳಿಲು ಅಂತ ಏರ್‌ಗನ್ ಎತ್ತುವುದು ಆಟವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಜೀವಿಗಳನ್ನು, ಹಕ್ಕಿಗಳನ್ನು ಹೊಡೆಯುವುದು ಅಪರಾಧ. ಅದಕ್ಕಾಗಿ ಗನ್ ಹುಡುಕುತ್ತಿದ್ದರೆ ಈ ಬರಹದಿಂದ ನಿಮಗೆ ಉಪಯೋಗವಿಲ್ಲ.

ಮೂರನೆಯದು, ಗನ್ ಎಷ್ಟರ ಮಟ್ಟಿಗೆ ಒಂದೇ ಥರ ಹೊಡೆಯುತ್ತದೆ. ನಾಲ್ಕನೆಯದು ದುಡ್ಡು: ಕೊಳ್ಳುವ ಬೆಲೆ ಮಾತ್ರವಲ್ಲ, ವರ್ಷಪೂರ್ತಿ ಹೊಡೆಯಲು ಆಗುವ ಖರ್ಚು. ಐದನೆಯದನ್ನು ಬಹಳ ಜನ ಮರೆಯುತ್ತಾರೆ. ಅದು ನಿಮ್ಮ ಕಣ್ಣು ಮತ್ತು ಮೈ. ಚಾಳೀಸು ಬಂದಿದೆಯಾ, ಸೊಂಟ ನೋವಿದೆಯಾ, ಭುಜ ಗಟ್ಟಿ ಇದೆಯಾ, ಯಾವ ಕಣ್ಣು ಮುಖ್ಯವಾಗಿ ನೋಡುತ್ತದೆ?

ದೇಸಿ ಸ್ಪ್ರಿಂಗ್ ಏರ್‌ಗನ್

ಜಾತ್ರೆಯಲ್ಲಿ ಬಲೂನು ಹೊಡೆಯಲು ಕೊಡುತ್ತಾರಲ್ಲ, ಆ ಜಾತಿಯದು. ನಳಿಗೆಯನ್ನು ಮಡಚಿದರೆ ಒಳಗಿನ ಸ್ಪ್ರಿಂಗ್ ಬಿಗಿಯಾಗುತ್ತದೆ, ಪೆಲೆಟ್ ಹಾಕಿ ಮುಚ್ಚಿ ಹೊಡೆಯುವುದು. ಭಾರತದಲ್ಲೇ ತಯಾರಾಗುವ ಒಳ್ಳೆಯ ಮಾದರಿಗಳು ಸುಮಾರು ಹತ್ತರಿಂದ ಇಪ್ಪತ್ತು ಸಾವಿರ ರೂಪಾಯಿಗೆ ಸಿಗುತ್ತವೆ. ಪ್ರೆಸಿಹೋಲ್‌ನಂಥ ಕಂಪನಿಗಳು ಬಂದ ಮೇಲೆ ನಳಿಗೆಯ ಗುಣಮಟ್ಟ ಬಹಳ ಸುಧಾರಿಸಿದೆ. ಪಂಪ್ ಬೇಡ, ಸಿಲಿಂಡರ್ ಬೇಡ, ಯಾರ ಹಂಗೂ ಇಲ್ಲ. ರೇಂಜ್ ದೂರ ಇರುವ ಊರಿನವರಿಗೆ ಇದು ದೊಡ್ಡ ಅನುಕೂಲ.

ತೊಂದರೆ ಇರುವುದು ಅದರ ಕೆಲಸದ ರೀತಿಯಲ್ಲೇ. ಟ್ರಿಗರ್ ಎಳೆದಾಗ ಭಾರವಾದ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ. ಗನ್ ಮೊದಲು ಹಿಂದಕ್ಕೆ ಒದ್ದು, ಪಿಸ್ಟನ್ ತುದಿ ಮುಟ್ಟಿದ ಕೂಡಲೇ ಮುಂದಕ್ಕೆ ಎಳೆಯುತ್ತದೆ. ಪೆಲೆಟ್ ಇನ್ನೂ ನಳಿಗೆಯ ಒಳಗಿರುವಾಗಲೇ ಇದೆಲ್ಲ ನಡೆದುಹೋಗುತ್ತದೆ. ಹಾಗಾಗಿ ನೀವು ಹೇಗೆ ಹಿಡಿದಿದ್ದೀರಿ ಅನ್ನುವುದರ ಮೇಲೆ ಪೆಲೆಟ್ ಹೋಗುವ ಜಾಗವೇ ಬದಲಾಗುತ್ತದೆ. ಬಿಗಿಯಾಗಿ ಹಿಡಿದರೆ ಒಂದು ಕಡೆ, ಸಡಿಲ ಹಿಡಿದರೆ ಇನ್ನೊಂದು ಕಡೆ. ಅಂಗೈ ಮೇಲೆ ಸುಮ್ನೆ ಕೂರಿಸಿ, ಅದರ ಪಾಡಿಗೆ ಅದು ಒದೆಯಲು ಬಿಡುವುದೇ ಇದಕ್ಕೆ ಸರಿಯಾದ ಹಿಡಿತ. ಟ್ರಿಗರ್ ಕೂಡ ಬಿಗಿ. ಒಂದೂವರೆ ಎರಡು ಕಿಲೋ ತೂಕದ ಎಳೆತ ಇವುಗಳಲ್ಲಿ ಸಾಮಾನ್ಯ.

ಇಷ್ಟಾಗಿಯೂ ಪಳಗಿದ ಕೈಯಲ್ಲಿ, ಹೊಂದುವ ಪೆಲೆಟ್ ಹಾಕಿದರೆ, ಹತ್ತು ಮೀಟರಿಗೆ ಐದು ಏಟನ್ನು ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂಡಿಸಬಹುದು. ಭಾನುವಾರದ ಸಂತೋಷಕ್ಕೆ ಇದು ಧಾರಾಳ ಸಾಕು. ಸ್ಪರ್ಧೆಗೆ ಸಾಕೇ? 10 ಮೀಟರ್ ರೈಫಲ್ ಗುರಿಯಲ್ಲಿ ಹತ್ತು ಅಂಕ ಸಿಗುವ ನಡುವಿನ ಚುಕ್ಕೆ ಬರೀ 0.5 ಮಿ.ಮೀ. ಒಂಬತ್ತರ ಉಂಗುರ 5.5 ಮಿ.ಮೀ. ಒಂದು ರೂಪಾಯಿ ನಾಣ್ಯ ಅಲ್ಲಿ ಏಳರ ಉಂಗುರವನ್ನೂ ದಾಟುತ್ತದೆ. ಅಂದರೆ ತಪ್ಪು ನಿಮ್ಮದಾ ಗನ್ನಿನದಾ ಅಂತ ಗುರಿಯ ಕಾಗದ ಹೇಳುವುದಿಲ್ಲ. ಕಲಿಯುವವರಿಗೆ ಇದೇ ದೊಡ್ಡ ನಷ್ಟ ಅಂತ ನನ್ನ ಅನಿಸಿಕೆ.

ಇದನ್ನೇ ಕೊಳ್ಳುವುದಾದರೆ ಇರುವುದರಲ್ಲಿ ಮೆತ್ತಗಿನ ಸ್ಪ್ರಿಂಗ್‌ನದ್ದನ್ನು ಆರಿಸಿ. ಮಡಚಲು ಸುಲಭ, ಒದೆತ ಕಡಿಮೆ, ನೂರು ಏಟು ಹೊಡೆದರೂ ಕೈ ಸೋಲುವುದಿಲ್ಲ. ಜರ್ಮನಿಯ ವೈರಾಖ್ ಕಂಪನಿಯ ಎಚ್‌ಡಬ್ಲ್ಯು 30 ಎಸ್ ಈ ಜಾತಿಯಲ್ಲಿ ಹೆಸರುವಾಸಿ. ಸುಮಾರು 7 ಜೌಲ್ ಶಕ್ತಿಯ ಹಗುರ ಗನ್, ಟ್ರಿಗರ್ ಅಂತೂ ಬೆಣ್ಣೆ. ಆದರೆ ಇಲ್ಲಿಗೆ ಬರುವಷ್ಟರಲ್ಲಿ ಸುಂಕ ಸೇರಿ ಬೆಲೆ ಹಲವು ಪಟ್ಟು ಆಗಿರುತ್ತದೆ. ಆ ದುಡ್ಡಿಗೆ ಮುಂದೆ ಹೇಳುವ ಬೇರೆ ದಾರಿಗಳಿವೆ.

ಸ್ಕೋಪ್ (ಗುರಿ ನೋಡುವ ದುರ್ಬೀನು) ಹಾಕಿಸುವ ಆಸೆ ಇದ್ದರೆ ಏರ್‌ಗನ್‌ಗೆಂದೇ ಮಾಡಿದ್ದನ್ನು ಕೇಳಿ. ಎರಡು ಕಡೆಯ ಒದೆತಕ್ಕೆ ಸಾಮಾನ್ಯ ಸ್ಕೋಪಿನ ಒಳಗಿನ ಗಾಜು ಸಡಿಲವಾಗುತ್ತದೆ. ಒಲಿಂಪಿಕ್ ಪದ್ಧತಿಯ ರೈಫಲ್ ಸ್ಪರ್ಧೆಗಳಲ್ಲಿ ಸ್ಕೋಪ್‌ಗೆ ಅವಕಾಶವಿಲ್ಲ ಅನ್ನುವುದೂ ನೆನಪಿರಲಿ. ಪೆಲೆಟ್ ಇಲ್ಲದೆ ಖಾಲಿ ಹೊಡೆಯಬೇಡಿ, ಸೀಲ್ ಮತ್ತು ಸ್ಪ್ರಿಂಗ್ ಹಾಳಾಗುತ್ತವೆ. ಪೆಲೆಟ್ ಹಾಕುವಾಗ ಇನ್ನೊಂದು ಕೈ ನಳಿಗೆಯನ್ನು ಹಿಡಿದೇ ಇರಬೇಕು. ಬಾಗಿದ ನಳಿಗೆ ಫಕ್ಕನೆ ಮುಚ್ಚಿಕೊಂಡರೆ ಬೆರಳು ಜಜ್ಜಿಹೋಗುತ್ತದೆ.

ಪಿಸಿಪಿ: ಮೊದಲೇ ತುಂಬಿದ ಗಾಳಿಯ ಗನ್

ಇದರಲ್ಲಿ ಸ್ಪ್ರಿಂಗ್ ಇಲ್ಲ. ನಳಿಗೆಯ ಕೆಳಗಿನ ಸಿಲಿಂಡರಿನಲ್ಲಿ ಸಾಮಾನ್ಯವಾಗಿ 200 ಬಾರ್ ಒತ್ತಡದ ಗಾಳಿ ಇರುತ್ತದೆ, ಪ್ರತಿ ಏಟಿಗೂ ಅದರಲ್ಲಿ ಒಂದು ಚಿಟಿಕೆ ಹೊರಬರುತ್ತದೆ. ಒದೆತ ಇಲ್ಲವೆನ್ನುವಷ್ಟು ಕಡಿಮೆ. ನೀವು ಎಲ್ಲಿ ನೋಡಿದಿರೋ ಅಲ್ಲೇ ಹೋಗುತ್ತದೆ. ಮ್ಯಾಚ್ ರೈಫಲ್ (ಸ್ಪರ್ಧೆಗೆಂದೇ ಮಾಡಿದ್ದು) ಆದರೆ ಒಂದು ಸಲ ತುಂಬಿದರೆ 200ರ ಆಸುಪಾಸು ಏಟು ಸಿಗುತ್ತವೆ.

ಇದರಲ್ಲಿ ಎರಡು ಬಗೆ ಇವೆ, ಕೊಳ್ಳುವವರು ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಒಂದು, ದೂರಕ್ಕೆ ಜೋರಾಗಿ ಹೊಡೆಯಲೆಂದು ಮಾಡಿದ ಸ್ಪೋರ್ಟರ್. ಸ್ಕೋಪ್, ಮ್ಯಾಗಜೀನ್ ಎಲ್ಲ ಇರುತ್ತದೆ, ನೋಡಲು ಚೆಂದ. 25 ಅಥವಾ 50 ಮೀಟರ್ ಜಾಗ ಇದ್ದು, ಡಬ್ಬಿ, ಗಂಟೆ, ಕಾಗದ ಅಂತ ಸ್ವಂತ ಸಂತೋಷಕ್ಕೆ ಹೊಡೆಯುವವರಿಗೆ ಸರಿ. ಇನ್ನೊಂದು, 10 ಮೀಟರ್ ಸ್ಪರ್ಧೆಗೇ ಮಾಡಿದ್ದು. ಮೆತ್ತಗೆ ಹೊಡೆಯುತ್ತದೆ, ಡಯಾಪ್ಟರ್ ಎಂಬ ಸಣ್ಣ ತೂತಿನ ಸೈಟ್ (ಗುರಿ ಹಿಡಿಯಲು ನೋಡುವ ಭಾಗ) ಇರುತ್ತದೆ, ಹಿಡಿಯ ಉದ್ದ, ಎತ್ತರ, ಕೆನ್ನೆ ಇಡುವ ಜಾಗ ಎಲ್ಲವನ್ನೂ ನಿಮ್ಮ ಮೈಗೆ ತಕ್ಕಂತೆ ಹೊಂದಿಸಬಹುದು. ಕ್ಲಬ್‌ನಲ್ಲಿ ಕಲಿಯುವ ಮನಸ್ಸಿದ್ದರೆ ಈ ಎರಡನೆಯದೇ ಬೇಕು. ಭಾರತದಲ್ಲೇ ತಯಾರಾಗುವ ಆರಂಭದ ಮಟ್ಟದ ಮಾದರಿಗಳು ಲಕ್ಷದೊಳಗೆ ಬರುತ್ತವೆ. ಮೊದಲೆರಡು ವರ್ಷದ ಕಲಿಕೆಗೆ ಅವು ತಡೆಯಾಗುವುದಿಲ್ಲ.

ಗಾಳಿ ತುಂಬುವುದು ಹೇಗೆ ಅಂತ ಮೊದಲೇ ಯೋಚಿಸಿ. ಕೈಪಂಪಿನಲ್ಲಿ ತುಂಬಬಹುದು, ಆದರೆ ಬೆವರು ಸುರಿಯುತ್ತದೆ. ತೇವ ಒಳಗೆ ಹೋಗದಂತೆ ಫಿಲ್ಟರ್ ನೋಡಿಕೊಳ್ಳಬೇಕು. ಒಳ್ಳೆಯ ಕ್ಲಬ್‌ಗಳಲ್ಲಿ ಕಂಪ್ರೆಸರ್ ಅಥವಾ ದೊಡ್ಡ ಸಿಲಿಂಡರ್ ಇರುತ್ತದೆ. ನಿಮ್ಮ ಊರಿನಲ್ಲಿ ಈ ವ್ಯವಸ್ಥೆ ಇಲ್ಲದಿದ್ದರೆ ಪಂಪಿನ ಬೆಲೆಯನ್ನೂ ಗನ್ನಿನ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಇದರ ಹತ್ತಿರಕ್ಕೂ ಬರುವುದಿಲ್ಲ. ಯಾರೋ ಹೇಳಿದರು ಅಂತ ಆಕ್ಸಿಜನ್ ಸಿಲಿಂಡರಿನಿಂದ ಮಾತ್ರ ಎಂದೂ ತುಂಬಬೇಡಿ. ಒಳಗಿನ ಎಣ್ಣೆಯ ಅಂಶಕ್ಕೆ ಆಕ್ಸಿಜನ್ ತಾಗಿದರೆ ಸ್ಫೋಟವಾಗುತ್ತದೆ.

ಎರಡು ಮೂರು ಲಕ್ಷದ ಮ್ಯಾಚ್ ರೈಫಲ್

ವಾಲ್ಥರ್, ಫೈನ್‌ವೆರ್ಕ್‌ಬೌ, ಆನ್‌ಶುಟ್ಜ್, ಸ್ಟೈಯರ್. ರೇಂಜ್‌ಗೆ ಹೋದರೆ ಈ ಹೆಸರುಗಳೇ ಕಿವಿಗೆ ಬೀಳುತ್ತವೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು, 2012ರಲ್ಲಿ ಲಂಡನ್‌ನಲ್ಲಿ ಗಗನ್ ನಾರಂಗ್ ಕಂಚು ಗೆದ್ದದ್ದು ಇದೇ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ. ನಮ್ಮ ಬೆಂಗಳೂರಿನ ಶೂಟರ್ ತಿಲೋತ್ತಮಾ ಸೇನ್ ಹೆಸರು ಮಾಡಿದ್ದೂ ಇದರಲ್ಲೇ. ಈ ರೈಫಲ್‌ಗಳ ಟ್ರಿಗರ್ ನೂರು ಗ್ರಾಂಗಿಂತ ಕಡಿಮೆ ಎಳೆತಕ್ಕೂ ಬಿಡುತ್ತದೆ. ಬೆರಳು ಮುಟ್ಟಿತು ಅನ್ನುವಷ್ಟರಲ್ಲಿ ಏಟು ಹೋಗಿರುತ್ತದೆ. ಪರೀಕ್ಷೆ ಮಾಡುವ ಇಕ್ಕಳದಲ್ಲಿಟ್ಟು ಹೊಡೆದರೆ ಪೆಲೆಟ್‌ಗಳೆಲ್ಲ ಒಂದೇ ತೂತಿನಲ್ಲಿ ಹೋಗುತ್ತವೆ. ಇನ್ನು ತಪ್ಪೇನಿದ್ದರೂ ಹೊಡೆಯುವವರದ್ದು. ಕಲಿಯಲು ಇದಕ್ಕಿಂತ ಬೇರೇನು ಬೇಕು, ಅಲ್ವಾ?

ಆದರೆ ರೈಫಲಿನ ಬೆಲೆ ಅಲ್ಲಿಗೇ ನಿಲ್ಲುವುದಿಲ್ಲ. ದಪ್ಪ ಕ್ಯಾನ್ವಾಸಿನ ಜಾಕೆಟ್, ಪ್ಯಾಂಟು, ಚಪ್ಪಟೆ ತಳದ ಶೂ, ಕೈಗವಸು ಬೇಕು. ಐದೂವರೆ ಕಿಲೋವರೆಗಿನ ರೈಫಲನ್ನು ಒಂದೂಕಾಲು ಗಂಟೆಯಲ್ಲಿ 60 ಸಲ ಎತ್ತಿ, ಬೆನ್ನನ್ನು ಹಿಂದಕ್ಕೆ ಬಾಗಿಸಿ ನಿಲ್ಲುವ ಆಟ ಇದು. ಜಾಕೆಟ್ ಬರೀ ಅಂಕಕ್ಕಲ್ಲ, ಬೆನ್ನುಮೂಳೆಗೂ ಆಸರೆ. ಬೆಳೆಯುವ ಮಕ್ಕಳಿಗೆ ಎರಡು ವರ್ಷಕ್ಕೆ ಅದು ಚಿಕ್ಕದಾಗುತ್ತದೆ. ಹೊಸದು ಹೊಲಿಸುವ ಮೊದಲು ಕ್ಲಬ್‌ನಲ್ಲಿ ದೊಡ್ಡ ಮಕ್ಕಳು ಬಿಟ್ಟ ಜಾಕೆಟ್ ಇದೆಯಾ ಕೇಳಿ. ನಾಚಿಕೆ ಪಡಬೇಡಿ, ಎಲ್ಲರೂ ಹೀಗೇ ಮಾಡುತ್ತಾರೆ. ಸೊಂಟ ನೋವಿರುವ ದೊಡ್ಡವರು ಮಾತ್ರ ವೈದ್ಯರನ್ನು ಕೇಳದೆ ಇದಕ್ಕೆ ಇಳಿಯಬೇಡಿ.

ಒಂದು ಒಳ್ಳೆಯ ಸಂಗತಿ: ಈ ರೈಫಲ್‌ಗಳು ಸವೆಯುವುದೇ ಕಡಿಮೆ. ಚೆನ್ನಾಗಿ ನೋಡಿಕೊಂಡದ್ದು ಹತ್ತು ವರ್ಷದ ಮೇಲೂ ಒಳ್ಳೆಯ ಬೆಲೆಗೆ ಹೋಗುತ್ತದೆ. ಹಾಗಾಗಿ ಹಳೆಯದನ್ನು ಕೊಂಡರೆ ನಷ್ಟ ಸಣ್ಣದು. ನೋಡಲೇಬೇಕಾದ್ದು ಗಾಳಿ ಸಿಲಿಂಡರಿನ ಮೇಲೆ ಅಚ್ಚಾದ ತಾರೀಕು. ಹೆಚ್ಚಿನ ಸಿಲಿಂಡರ್‌ಗಳಿಗೆ ತಯಾರಕರು ಕೊಡುವ ಆಯಸ್ಸು ಹತ್ತು ವರ್ಷ. ಅದು ಮುಗಿದಿದ್ದರೆ ಹೊಸ ಸಿಲಿಂಡರಿನ ಬೆಲೆಯನ್ನು ಮಾತುಕತೆಯಲ್ಲೇ ಕಳೆಯಿರಿ.

ಏರ್ ಪಿಸ್ತೂಲ್

ರೈಫಲ್ ಮತ್ತು ಪಿಸ್ತೂಲಿನ ನಡುವಿನ ಆಯ್ಕೆ ಬಜೆಟ್ಟಿನದ್ದಲ್ಲ, ಸ್ವಭಾವದ್ದು. ಪಿಸ್ತೂಲಿನ ಗುರಿಯಲ್ಲಿ ಹತ್ತರ ಉಂಗುರ 11.5 ಮಿ.ಮೀ. ರೈಫಲಿನ ಚುಕ್ಕೆಗಿಂತ ಎಷ್ಟೋ ದೊಡ್ಡದು. ಅದನ್ನು ನೋಡಿ ಸುಲಭ ಅಂದುಕೊಳ್ಳುತ್ತಾರೆ. ಆದರೆ ಒಂದೇ ಕೈ, ಚಾಚಿದ ತೋಳು, ಜಾಕೆಟ್ಟಿನ ಆಸರೆ ಇಲ್ಲ, ಟ್ರಿಗರ್ ನಿಯಮದ ಪ್ರಕಾರ ಕನಿಷ್ಠ 500 ಗ್ರಾಂ ಎಳೆಯಬೇಕು. ಆ ಎಳೆತದಲ್ಲಿ ಮಣಿಕಟ್ಟು ಒಂದು ಕೂದಲಷ್ಟು ಬಾಗಿದರೂ ಏಟು ಏಳಕ್ಕೋ ಆರಕ್ಕೋ ಹೋಗುತ್ತದೆ. ರೈಫಲ್‌ನಲ್ಲಿ ಮೊದಲ ಆರು ತಿಂಗಳಲ್ಲಿ ಅಂಕ ಬೇಗ ಏರುತ್ತದೆ, ಖುಷಿ ಬೇಗ ಸಿಗುತ್ತದೆ. ಪಿಸ್ತೂಲ್ ತಾಳ್ಮೆ ಬೇಡುತ್ತದೆ. ಇಂದು ಚೆನ್ನಾಗಿ ಹೊಡೆದವರೇ ನಾಳೆ ಪೂರ್ತಿ ಕೆಡುವುದು ಇದರಲ್ಲಿ ಮಾಮೂಲು. ಬೇಗ ಬೇಸರಪಡುವ ಮಗುವಿಗೆ ನಾನು ರೈಫಲ್ ಅನ್ನುತ್ತೇನೆ. ಒಂದೇ ವಿಷಯವನ್ನು ಹಿಡಿದು ಜಗ್ಗಾಡುವ ಮಗುವಿಗೆ ಪಿಸ್ತೂಲ್.

ಖರ್ಚಿನಲ್ಲಿ ಪಿಸ್ತೂಲ್ ಗೆಲ್ಲುತ್ತದೆ. ಆಮದಿನ ಒಳ್ಳೆಯ ಪಿಸ್ತೂಲ್ ಕೂಡ ಒಂದು ಲಕ್ಷ ದಾಟುತ್ತದೆ ನಿಜ, ಆದರೆ ಬೇರೆ ಉಡುಪು ಬೇಡ. ಶೂ ಸಾಕು, ಅದೂ ಮೊದಲ ದಿನದಿಂದಲೇ ಬೇಕಂತಿಲ್ಲ. ಬಸ್ಸಿನಲ್ಲಿ ಬ್ಯಾಗಿಗೆ ಹಾಕಿಕೊಂಡು ರೇಂಜ್‌ಗೆ ಹೋಗಬಹುದು. ಹೊರಗೆ ಮಾತ್ರ ತೆಗೆಯಬೇಡಿ, ಪೆಟ್ಟಿಗೆಗೆ ಬೀಗ ಇರಲಿ, ಬಿಲ್ ಜೊತೆಯಲ್ಲಿರಲಿ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರಲ್ಲಿ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದ ಬೆಳ್ಳಿ ಗೆದ್ದದ್ದು ಇದೇ ಏರ್ ಪಿಸ್ತೂಲಿನಲ್ಲಿ. 2023ರಲ್ಲಿ ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಂಗಳೂರಿನ ದಿವ್ಯಾ ಟಿ.ಎಸ್. ಅವರು ಸರಬ್ಜೋತ್ ಜೊತೆ ಮಿಶ್ರ ತಂಡದ ಬೆಳ್ಳಿ ತಂದದ್ದೂ ಇದರಲ್ಲೇ.

ಈಗ ಕಣ್ಣಿನ ವಿಷಯ. ಪಿಸ್ತೂಲಿನಲ್ಲಿ ಚಾಚಿದ ಕೈಯ ದೂರದಲ್ಲಿರುವ ಮುಂದಿನ ಸೈಟ್ ಸ್ಪಷ್ಟವಾಗಿ ಕಾಣಬೇಕು, ಗುರಿ ಮಸುಕಾಗಿದ್ದರೆ ಪರವಾಗಿಲ್ಲ. ನಲವತ್ತೈದರ ಮೇಲೆ ಆ ದೂರವೇ ಕೈಕೊಡುತ್ತದೆ. ಓದುವ ಕನ್ನಡಕ ಅದಕ್ಕೆ ಹೊಂದುವುದಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಸೈಟಿನ ದೂರ ಅಳೆದು ಹೇಳಿ, ಅದಕ್ಕೆಂದೇ ಒಂದು ಕನ್ನಡಕ ಮಾಡಿಸಿಕೊಳ್ಳಬೇಕು. ರೈಫಲಿನ ಡಯಾಪ್ಟರ್ ಇಲ್ಲಿ ವಯಸ್ಸಾದವರಿಗೆ ಉಪಕಾರಿ. ಸಣ್ಣ ತೂತಿನ ಮೂಲಕ ನೋಡುವಾಗ ಹತ್ತಿರದ್ದೂ ದೂರದ್ದೂ ಎರಡೂ ಸಾಕಷ್ಟು ಸ್ಪಷ್ಟವಾಗುತ್ತವೆ. ಹಾಗಾಗಿ ಕಣ್ಣಿಗೆ ರೈಫಲ್ ಸುಲಭ, ಸೊಂಟಕ್ಕೆ ಪಿಸ್ತೂಲ್ ಸುಲಭ. ದೊಡ್ಡವರು ಇವೆರಡರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು ಅಂತ ನೋಡಿ ಆರಿಸಲಿ.

ನಿಜವಾದ ಪಿಸ್ತೂಲಿನ ಹಾಗೆಯೇ ಕಾಣುವ, 12 ಗ್ರಾಂನ ಸಿಒ2 (ಇಂಗಾಲದ ಡೈಆಕ್ಸೈಡ್) ಅನಿಲದ ಬುಡ್ಡಿಯಲ್ಲಿ ನಡೆಯುವ ಅಗ್ಗದ ಪಿಸ್ತೂಲ್‌ಗಳನ್ನು ಗುರಿ ಕಲಿಯಲು ಕೊಳ್ಳಬೇಡಿ. ಚಳಿಯಲ್ಲಿ ಅನಿಲದ ಒತ್ತಡ ಇಳಿಯುತ್ತದೆ, ಬೇಗ ಬೇಗ ಹೊಡೆದರೂ ಇಳಿಯುತ್ತದೆ, ಏಟು ಕೆಳಗೆ ಹೋಗುತ್ತದೆ. ಅವು ಹಾರಿಸುವ ಉಕ್ಕಿನ ಗೋಲಿ ಗಟ್ಟಿ ಜಾಗಕ್ಕೆ ತಾಗಿದರೆ ತಿರುಗಿ ಕಣ್ಣಿಗೇ ಬರುತ್ತದೆ. ದಾರಿಯಲ್ಲಿ ಯಾರಾದರೂ ನೋಡಿದರೆ ಅದು ಆಟಿಕೆಯೋ ಅಸಲಿಯೋ ಅಂತ ಅವರಿಗೆ ಗೊತ್ತಾಗುವುದಿಲ್ಲ, ಪೊಲೀಸರಿಗೂ ಗೊತ್ತಾಗುವುದಿಲ್ಲ.

.22 ರೈಫಲ್: ಆಸೆ ಮತ್ತು ಲೆಕ್ಕ

.22 ಹೊಡೆದವರಿಗೆ ಅದರ ಸೆಳೆತ ಗೊತ್ತು. ಗಾಳಿಯ ಗನ್ನಿನಲ್ಲಿ ಸಿಗದ ಸದ್ದು, ಮದ್ದಿನ ವಾಸನೆ, 50 ಮೀಟರ್ ದೂರ, ಗಾಳಿ ಬೀಸಿದರೆ ಗುಂಡು ಪಕ್ಕಕ್ಕೆ ಸರಿಯುವುದನ್ನು ಅಂದಾಜು ಮಾಡುವ ಕಲೆ. ಒಲಿಂಪಿಕ್ಸ್‌ನಲ್ಲಿ ಈಗ ಉಳಿದಿರುವ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಮೂರು ಭಂಗಿ: ಮಂಡಿಯೂರಿ, ಮಲಗಿ, ನಿಂತು. ಬರೀ ಮಲಗಿ ಹೊಡೆಯುವ ಸ್ಪರ್ಧೆ 2016ರ ರಿಯೊ ನಂತರ ಒಲಿಂಪಿಕ್ಸ್‌ನಿಂದ ಹೋಯಿತು. ಒಲಿಂಪಿಕ್ಸ್‌ನಿಂದ ಹೋದರೂ ಆ ಭಂಗಿಯ ಸುಖ ಹೋಗಿಲ್ಲ. ಮೊಣಕೈಗಳ ಮೇಲೆ ಮೈ ನೆಟ್ಟು, ಪಟ್ಟಿ ಬಿಗಿದು ಮಲಗಿದರೆ ವಯಸ್ಸು ಅಷ್ಟಾಗಿ ಅಡ್ಡ ಬರುವುದಿಲ್ಲ. ಎನ್‌ಸಿಸಿಯ ನೆನಪಿನಿಂದ ಬರುವ ಹಿರಿಯರಿಗೆ ಇದಕ್ಕಿಂತ ಒಳ್ಳೆಯ ಆಟ ನನಗೆ ಕಾಣದು.

ಆದರೆ ಲೆಕ್ಕ ಬೇರೆ. ಮ್ಯಾಚ್ ಏರ್ ರೈಫಲಿನ ಪೆಲೆಟ್ಟಿಗೆ 8 ಜೌಲ್‌ಗಿಂತ ಕಡಿಮೆ ಶಕ್ತಿ. .22ರ ಸಾಮಾನ್ಯ ಗುರಿ ಗುಂಡು 2.6 ಗ್ರಾಂ ತೂಕದ್ದು, ಸೆಕೆಂಡಿಗೆ 330 ಮೀಟರಿನ ಹತ್ತಿರ ಓಡುತ್ತದೆ, 140 ಜೌಲ್ ಹೊತ್ತಿರುತ್ತದೆ. ತಡೆಯಿಲ್ಲದೆ ಹಾರಿದರೆ ಒಂದು ಕಿಲೋಮೀಟರ್ ದಾಟಿಯೂ ಹೋಗುತ್ತದೆ. ಮನೆ, ತೋಟ, ಬಯಲು ಅಂತ ಎಲ್ಲೆಂದರಲ್ಲಿ ಅಭ್ಯಾಸ ಮಾಡುವ ವಸ್ತು ಇದಲ್ಲ. ಅನುಮತಿ ಪಡೆದ, ಹಿಂದೆ ಮಣ್ಣಿನ ದಿಬ್ಬ ಅಥವಾ ಗಟ್ಟಿ ತಡೆ ಇರುವ ರೇಂಜ್‌ನಲ್ಲೇ ಹೊಡೆಯಬೇಕು. ಅಂಥ ರೇಂಜ್‌ಗಳು ಕರ್ನಾಟಕದಲ್ಲಿ ಕೆಲವೇ ಊರುಗಳಲ್ಲಿವೆ.

ಗುಂಡಿನ ಖರ್ಚು ನೋಡಿ. ವಾರಕ್ಕೆ ಎರಡು ದಿನ, ದಿನಕ್ಕೆ 60 ಏಟು ಅಂದರೆ ವರ್ಷಕ್ಕೆ ಆರು ಸಾವಿರದ ಹತ್ತಿರ. ಪೆಲೆಟ್ ಒಂದಕ್ಕೆ ಒಂದೆರಡು ರೂಪಾಯಿ, 500ರ ಡಬ್ಬಿ ತಿಂಗಳು ಪೂರ್ತಿ ಬರುತ್ತದೆ. .22ರ ಮ್ಯಾಚ್ ಗುಂಡು ಅದರ ಹತ್ತು ಪಟ್ಟು ಅಥವಾ ಇನ್ನೂ ಜಾಸ್ತಿ ಆಗುವುದುಂಟು. ಒಳ್ಳೆಯ ಗುಂಡು ಬರುವುದು ಆಮದಾಗಿ, ಹೆಚ್ಚಾಗಿ ರೈಫಲ್ ಸಂಸ್ಥೆಗಳ ಮೂಲಕ. ಬೇಕೆಂದಾಗ ಅಂಗಡಿಗೆ ಹೋಗಿ ತರುವಂತಿಲ್ಲ. ಮೇಲಾಗಿ ಲೈಸೆನ್ಸಿನ ನವೀಕರಣ, ಮನೆಯಲ್ಲಿ ಬೀಗದ ಕಪಾಟು, ಚುನಾವಣೆ ಬಂದಾಗ ಬಂದೂಕು ಠೇವಣಿ ಇಡುವ ಓಡಾಟ.

ಹಾಗಾಗಿ .22 ಬೇಕೆನ್ನುವವರಿಗೆ ನನ್ನ ಸಲಹೆ: ಮೊದಲು ಸಂಸ್ಥೆಯ ಸದಸ್ಯರಾಗಿ, ಅವರ ರೈಫಲ್ ಬಳಸಿ, ಗುಂಡಿನ ಹಣ ಕೊಟ್ಟು ಹೊಡೆಯಿರಿ. ಒಂದು ವರ್ಷ ಹೀಗೆ ಮಾಡಿಯೂ ಆಸೆ ಉಳಿದಿದ್ದರೆ ಲೈಸೆನ್ಸಿಗೆ ಅರ್ಜಿ ಹಾಕಿ. ಸಂಸ್ಥೆಯ ಸದಸ್ಯತ್ವ, ಹೊಡೆದ ಸ್ಪರ್ಧೆಗಳ ಕಾಗದ ಇದ್ದರೆ ಅರ್ಜಿಗೆ ಬಲ ಬರುತ್ತದೆ. ಅಲ್ಲಿಯವರೆಗೆ ಮನೆಯಲ್ಲಿ ಏರ್ ರೈಫಲ್ ಇಟ್ಟುಕೊಳ್ಳಿ. .22 ಹೊಡೆಯುವ ದೊಡ್ಡ ಶೂಟರ್‌ಗಳೂ ನಿಂತು ಹೊಡೆಯುವ ಅಭ್ಯಾಸಕ್ಕೆ ಏರ್ ರೈಫಲನ್ನೇ ಹಿಡಿಯುತ್ತಾರೆ.

ಕೊಡಗಿನವರ ಮಾತು ಸ್ವಲ್ಪ ಬೇರೆ. ಅಲ್ಲಿ ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು ಹತ್ತು ವರ್ಷಕ್ಕೆ, 2029ರವರೆಗೆ, ಮುಂದುವರಿಸಿದ್ದಾರೆ. ಕೈಲ್ ಮುಹೂರ್ತದ ಸಮಯದಲ್ಲಿ ಕೋವಿಗೆ ಪೂಜೆ ಮಾಡಿ, ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ನಡೆಯುತ್ತವೆ. ಆ ಆಟಕ್ಕೆ ಮನೆಯ ಕೋವಿಯೇ ಸರಿ, ಮೂರು ಲಕ್ಷದ ಮ್ಯಾಚ್ ರೈಫಲ್ ಅಲ್ಲಿ ವ್ಯರ್ಥ. ಆದರೆ ಕೊಡಗಿನ ಹುಡುಗ ಹುಡುಗಿಯರು ಉಂಗುರದ ಗುರಿಗೆ ಬರುವುದಾದರೆ ಅವರಿಗೂ ಏರ್ ರೈಫಲ್‌ನಿಂದಲೇ ಶುರು ಮಾಡಿ ಅನ್ನುತ್ತೇನೆ. ಕೋವಿಯ ಒದೆತಕ್ಕೆ ಒಗ್ಗಿದ ಭುಜ ಟ್ರಿಗರನ್ನು ಜರ್ರನೆ ಎಳೆಯಲು ಕಲಿತಿರುತ್ತದೆ. ಅದನ್ನು ಬಿಡಿಸಲು ಸಮಯ ಬೇಕು.

ಹಾಗಾದರೆ ಯಾರಿಗೆ ಯಾವುದು

ರೇಂಜ್ ದೂರ, ಮನೆಯಲ್ಲಿ ಹತ್ತು ಮೀಟರಿನ ಭದ್ರ ಜಾಗ ಇದೆ, ಹದಿನೈದು ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಹಾಕಲು ಇಷ್ಟವಿಲ್ಲ ಅನ್ನುವವರು ಮೆತ್ತಗಿನ ದೇಸಿ ಸ್ಪ್ರಿಂಗ್ ಗನ್ ತೆಗೆದುಕೊಳ್ಳಿ. ಉಳಿದ ದುಡ್ಡಲ್ಲಿ ಎರಡು ಮೂರು ಬಗೆಯ ಚಪ್ಪಟೆ ಮೂತಿಯ ಪೆಲೆಟ್, ರಕ್ಷಣೆಯ ಕನ್ನಡಕ, ಒಂದು ಒಳ್ಳೆಯ ಪೆಲೆಟ್ ಪೆಟ್ಟಿಗೆ ಮಾಡಿಸಿ. ದಪ್ಪ ಹಲಗೆಯ ಪೆಟ್ಟಿಗೆ, ಹಿಂದೆ ಓರೆಯಾಗಿ ಕೂರಿಸಿದ ಉಕ್ಕಿನ ತಗಡು, ಮುಂದೆ ಬಿಗಿಯಾಗಿ ತುಂಬಿದ ಹಳೇ ಬಟ್ಟೆ ಇದ್ದರೆ ಪೆಲೆಟ್ ಒಳಗೇ ಉಳಿಯುತ್ತದೆ. ಪೆಲೆಟ್ ಸೀಸದ್ದು. ಹೊಡೆದ ಮೇಲೆ ಸೋಪು ಹಾಕಿ ಕೈ ತೊಳೆಯದೆ ತಿಂಡಿ ಮುಟ್ಟಬೇಡಿ, ಮಕ್ಕಳ ವಿಷಯದಲ್ಲಿ ಇದನ್ನು ಕಟ್ಟುನಿಟ್ಟಾಗಿ ನೋಡಿ.

ಶಾಲೆಗೆ ಹೋಗುವ ಮಗು, ಊರಿನಲ್ಲಿ ಕ್ಲಬ್ ಇದೆ ಅನ್ನುವವರು ಮೊದಲ ಮೂರು ನಾಲ್ಕು ತಿಂಗಳು ಏನೂ ಕೊಳ್ಳಬೇಡಿ. ಕ್ಲಬ್ಬಿನ ರೈಫಲ್, ಕ್ಲಬ್ಬಿನ ಪಿಸ್ತೂಲ್ ಎರಡನ್ನೂ ಹಿಡಿಸಿ. ಕೋಚ್ ಹೇಳುವ ಮಾತಿಗಿಂತ ಮಗು ಯಾವುದರ ಹತ್ತಿರ ತಾನಾಗಿ ಹೋಗುತ್ತದೆ ಅಂತ ನೋಡಿ. ಆಮೇಲೆ ಆರಂಭದ ಮಟ್ಟದ ಮ್ಯಾಚ್ ರೈಫಲ್ ಅಥವಾ ಚಿಕ್ಕ ಸಿಲಿಂಡರಿನ ಹಗುರ ಪಿಸ್ತೂಲ್. ಆಮದಿನ ದುಬಾರಿ ಮಾದರಿಗೆ ರಾಜ್ಯ ಮಟ್ಟದ ಸ್ಪರ್ಧೆಯ ತನಕ ಕಾಯಬಹುದು. ಸಾಲ ಮಾಡಿ ಮೊದಲ ತಿಂಗಳೇ ಮೂರು ಲಕ್ಷದ ರೈಫಲ್ ತರಬೇಡಿ ಅಂತ ಅಪ್ಪ ಅಮ್ಮಂದಿರಿಗೆ ಕೈಮುಗಿದು ಕೇಳುತ್ತೇನೆ. ಆ ಸಾಲದ ಭಾರ ಮಗುವಿನ ಟ್ರಿಗರ್ ಬೆರಳಿನ ಮೇಲೆ ಕೂರುತ್ತದೆ.

ಕೆಲಸ ಮುಗಿಸಿ ಸಂಜೆ ಒಂದು ಗಂಟೆ ಮನಸ್ಸು ಹಗುರ ಮಾಡಿಕೊಳ್ಳಬೇಕು ಅನ್ನುವ ಮೂವತ್ತು ನಲವತ್ತರವರಿಗೆ ನನ್ನ ಮೊದಲ ಆಯ್ಕೆ ಏರ್ ಪಿಸ್ತೂಲ್. ಸಾಮಾನು ಕಡಿಮೆ, ಜಾಗ ಕಡಿಮೆ. ಮನೆಯಲ್ಲಿ ಗೋಡೆಯ ಮೇಲಿನ ಬಿಳಿ ಹಾಳೆಯ ಮುಂದೆ, ಪೆಲೆಟ್ ಇಲ್ಲದೆ, ಹಿಡಿತ ಮತ್ತು ಟ್ರಿಗರ್ ಅಭ್ಯಾಸ ಮಾಡಬಹುದು. ಮ್ಯಾಚ್ ಪಿಸ್ತೂಲ್‌ಗಳಲ್ಲಿ ಇದಕ್ಕೆಂದೇ ಒಂದು ವ್ಯವಸ್ಥೆ ಇರುತ್ತದೆ. ಐವತ್ತು ದಾಟಿ ಕಣ್ಣು ಮಂಜಾಗಿದ್ದರೆ ಡಯಾಪ್ಟರ್ ಇರುವ ರೈಫಲ್ ನೋಡಿ. ಹತ್ತಿರದಲ್ಲಿ 50 ಮೀಟರ್ ರೇಂಜ್ ಇದ್ದರೆ ಸಂಸ್ಥೆಯ .22ನ್ನು ಮಲಗಿ ಹೊಡೆಯಿರಿ.

ಕೊಳ್ಳುವ ದಿನ ಗುರುತಿನ ಚೀಟಿ, ವಿಳಾಸದ ದಾಖಲೆ ತೆಗೆದುಕೊಂಡು ಹೋಗಿ. ಬಿಲ್ಲಿನಲ್ಲಿ ನಳಿಗೆಯ ಅಳತೆ ಮತ್ತು ಗನ್ನಿನ ನಂಬರ್ ಬರೆಸಿ. ಹೊರಡುವ ಮೊದಲು ಒಂದು ಪರೀಕ್ಷೆ ಮಾಡಿ: ಕಣ್ಣು ಮುಚ್ಚಿ ಗನ್ನನ್ನು ಭುಜಕ್ಕೆ ತನ್ನಿ, ಅಥವಾ ಪಿಸ್ತೂಲಾದರೆ ಕೈ ಚಾಚಿ. ಕಣ್ಣು ತೆರೆದಾಗ ಸೈಟ್‌ಗಳು ತಾವಾಗಿ ಒಂದೇ ಗೆರೆಯಲ್ಲಿರಬೇಕು. ಇಲ್ಲದಿದ್ದರೆ ಹಿಡಿಯನ್ನು ಹೊಂದಿಸಿಕೊಡಲು ಕೇಳಿ. ಹೊಂದಿಸಲು ಬಾರದ ಮಾದರಿಯಾದರೆ ಮುಂದಿನದನ್ನು ಕೈಗೆತ್ತಿಕೊಳ್ಳಿ.